ಕೃತಕ ಕಾಲಿನ ನಡಿಗೆ: ಚರ್ಮ ನೋಡಿಕೊಂಡು ಹೆಜ್ಜೆ ಹೆಚ್ಚಿಸಿ

ಕೃತಕ ಕಾಲು ಸಿಕ್ಕ ಖುಷಿಯಲ್ಲಿ ಮೊದಲ ವಾರವೇ ಜಾಸ್ತಿ ನಡೆದು, ಚರ್ಮ ಕಿತ್ತುಕೊಂಡು, ಆಮೇಲೆ ಆ ಕಾಲನ್ನು ಮೂಲೆಗೆ ಇಟ್ಟುಬಿಡುವವರಿದ್ದಾರೆ. ಅವರಲ್ಲಿ ಛಲಕ್ಕೆ ಕೊರತೆಯಿಲ್ಲ. ನಡಿಗೆ ಹೆಚ್ಚಿಸುವ ಕ್ರಮವನ್ನು ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ. ನಿಮ್ಮ ವೈದ್ಯರು, ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ಹೀಗೆ ಮಾಡಿ.

ಮೊದಲು ಹಾಸಿಗೆಯಲ್ಲಿ

ಉಳಿದ ಕಾಲಿನ (ಸ್ಟಂಪ್) ಅಡಿಗೆ ದಿಂಬು ಇಟ್ಟುಕೊಂಡರೆ ಹಾಯೆನಿಸುತ್ತದೆ. ಆದರೂ ಬೇಡ. ಸೊಂಟದ ಕೀಲು ಮಡಚಿದ ಹಾಗೇ ಬಿಗಿದುಕೊಂಡರೆ ಆಮೇಲೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಬೆನ್ನು ನೋವೂ ಸೇರಿಕೊಳ್ಳುತ್ತದೆ. ದಿನಕ್ಕೆ ಎರಡು ಸಲ, 15–20 ನಿಮಿಷ ಬೋರಲು ಮಲಗಿ. ಮಂಡಿಯ ಕೆಳಗೆ ಕಾಲು ತೆಗೆದಿದ್ದರೆ, ಕೂತಾಗ ಸ್ಟಂಪನ್ನು ಜೋತು ಬಿಡದೆ ಮಂಡಿ ನೆಟ್ಟಗಿರುವಂತೆ ಆಸರೆ ಕೊಡಿ.

ಪಕ್ಕಕ್ಕೆ ಮಲಗಿ ಸ್ಟಂಪನ್ನು ಮೇಲಕ್ಕೆತ್ತಿ, ನಿಧಾನವಾಗಿ ಇಳಿಸಿ. ಹತ್ತು ಸಲ ಸಾಕು. ನಡೆಯುವಾಗ ದೇಹ ಒಂದು ಕಡೆ ವಾಲದಂತೆ ತಡೆಯುವುದು ಸೊಂಟದ ಪಕ್ಕದ ಈ ಸ್ನಾಯುಗಳೇ.

ನಿಂತು ಭಾರ ಹಾಕುವುದು

ಗಟ್ಟಿಯಾದ ಆಸರೆ ಹಿಡಿದು ನಿಲ್ಲಿ. ಕೃತಕ ಕಾಲಿನ ಮೇಲೆ ಸ್ವಲ್ಪ ಸ್ವಲ್ಪವೇ ಭಾರ ಹಾಕಿ, ವಾಪಸು ತೆಗೆದುಕೊಳ್ಳಿ. ಎಲ್ಲ ಭಾರವನ್ನೂ ಒಳ್ಳೆಯ ಕಾಲಿಗೇ ಕೊಟ್ಟರೆ ವರ್ಷಗಳು ಕಳೆದಂತೆ ಆ ಮಂಡಿ ಸವೆಯುತ್ತದೆ.

ನಡೆದು, ಬಿಚ್ಚಿ, ನೋಡಿ

ಇದೇ ಮುಖ್ಯವಾದ ಹಂತ. ಸ್ವಲ್ಪ ಹೊತ್ತು ನಡೆದ ಮೇಲೆ ಕೂತು ಕೃತಕ ಕಾಲು ಬಿಚ್ಚಿ. ಲೈನರ್ (ಸ್ಟಂಪಿಗೆ ಹಾಕುವ ಮೆತ್ತನೆಯ ಒಳಕವಚ) ತೆಗೆದು ಬೆವರು ಒರೆಸಿ. ಕೈಗನ್ನಡಿ ಹಿಡಿದು ಸ್ಟಂಪಿನ ತುದಿ, ಹಿಂಭಾಗ, ಹೊಲಿಗೆಯ ಗೆರೆ ನೋಡಿ. ಕೆಂಪಾಗಿದ್ದರೆ ಗಾಬರಿ ಬೇಡ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಕೆಂಪು ಮಾಯವಾದರೆ ನಾಳೆ ಸ್ವಲ್ಪ ಹೆಚ್ಚು ನಡೆಯಬಹುದು. ಹಾಗೇ ಉಳಿದರೆ, ಬೊಕ್ಕೆ ಎದ್ದರೆ, ಚರ್ಮ ಸುಲಿದರೆ ನಡಿಗೆ ನಿಲ್ಲಿಸಿ, ಕಾಲು ಹೊಂದಿಸಿಕೊಟ್ಟವರಿಗೆ ತೋರಿಸಿ. ಮಧುಮೇಹದಿಂದ ಸ್ಪರ್ಶ ಕಡಿಮೆಯಾದವರಿಗೆ ಗಾಯವಾದರೂ ನೋವು ಗೊತ್ತಾಗದಿರಬಹುದು. ಅಂಥವರು ಇನ್ನೊಂದು ಪಾದವನ್ನೂ ದಿನಾ ನೋಡಿಕೊಳ್ಳಲೇಬೇಕು.

ಬೆಳಿಗ್ಗೆ ಸರಿಯಾಗಿದ್ದ ಕಾಲು ಸಂಜೆ ಸಡಿಲ ಅನ್ನಿಸುತ್ತದೆ, ಅಲ್ವಾ? ಹೊತ್ತು ಕಳೆದಂತೆ ಸ್ಟಂಪ್ ಸಣ್ಣಗಾಗಿ ಸಾಕೆಟ್‌ನೊಳಗೆ (ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಬಟ್ಟಲು) ಇಳಿಯುತ್ತದೆ, ತುದಿ ತಳಕ್ಕೆ ಒತ್ತುತ್ತದೆ. ಸ್ಟಂಪ್ ಸಾಕ್ಸ್ (ಸ್ಟಂಪಿಗೆ ಹಾಕುವ ಕಾಲುಚೀಲ) ಬಳಸುವವರು ಇನ್ನೊಂದು ತೆಳು ಸಾಕ್ಸ್ ಸೇರಿಸಿದರೆ ಎಷ್ಟೋ ಸಲ ಇದು ಸರಿಹೋಗುತ್ತದೆ. ಹೊರಗೆ ಹೋಗುವಾಗ ಇಂಥ ಒಂದು ಸಾಕ್ಸ್ ನಿಮ್ಮ ಚೀಲದಲ್ಲಿರಲಿ.

ಎಷ್ಟು ಮಾಡಬೇಕು?

ಅಂಗವೈಕಲ್ಯ ಇರುವ ವಯಸ್ಕರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ಚಟುವಟಿಕೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದು ಮೊದಲ ವಾರದ ಗುರಿಯಲ್ಲ. ಐದೈದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗ ಅಷ್ಟಿರಲಿ. ಮಂಡಿಯ ಮೇಲೆ ಕಾಲು ತೆಗೆದವರಿಗೆ ಅದೇ ದೂರಕ್ಕೆ ಹೆಚ್ಚು ಶಕ್ತಿ ಬೇಕು. ಬೇಗ ಸುಸ್ತಾದರೆ ನೀವು ಸೋಮಾರಿ ಅಂತಲ್ಲ. ಚರ್ಮ ಒಪ್ಪದ ದಿನ ಕುರ್ಚಿಯಲ್ಲೇ ಕೂತು ತೋಳಿನ ವ್ಯಾಯಾಮ ಮಾಡಿ. ಗಾಲಿಕುರ್ಚಿ ತಳ್ಳಿಕೊಂಡು ಸುತ್ತಾಡುವುದೂ ವ್ಯಾಯಾಮವೇ.

ಮೆಟ್ಟಿಲು ಕಲಿಯುವಾಗ ಹತ್ತುವುದಕ್ಕೆ ಒಳ್ಳೆಯ ಕಾಲು ಮೊದಲು, ಇಳಿಯುವುದಕ್ಕೆ ಕೃತಕ ಕಾಲು ಮೊದಲು. ಕೈ ಕಂಬಿಯ ಮೇಲಿರಲಿ.

ಬೀಳುವ ಭಯಕ್ಕೆ

ರಾತ್ರಿ ನಿದ್ದೆಗಣ್ಣಿನಲ್ಲಿ ಕಾಲು ಇದೆ ಅಂದುಕೊಂಡೇ ಎದ್ದು ಬೀಳುವವರಿದ್ದಾರೆ. ಊರುಗೋಲು ಅಥವಾ ವಾಕರ್ ಹಾಸಿಗೆಗೆ ತಾಗಿಕೊಂಡೇ ಇರಲಿ, ಸಣ್ಣ ದೀಪವೊಂದು ಉರಿಯುತ್ತಿರಲಿ. ನೆಲದಿಂದ ಎದ್ದೇಳುವುದನ್ನು ಬೀಳುವ ಮೊದಲೇ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತುಕೊಳ್ಳಿ. ಮನೆಯವರನ್ನೂ ಕರೆದುಕೊಂಡು ಹೋಗಿ. ಬಿದ್ದವರನ್ನು ತೋಳು ಹಿಡಿದು ಎಳೆಯಬಾರದು. ಪೆಟ್ಟಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ಗಟ್ಟಿ ಕುರ್ಚಿಯೊಂದನ್ನು ಪಕ್ಕಕ್ಕೆ ತಂದು ಅಲ್ಲಾಡದಂತೆ ಹಿಡಿದುಕೊಳ್ಳಬೇಕು.