ಒಂದೇ ಒಂದು ಸಾಕು ಅಂದುಕೊಂಡಿದ್ದೆ

ನಮ್ಮ ಮನೆಯಲ್ಲಿ ಈಗ ಕಾಸು ಹಾಕಿ ವಿಡಿಯೊ ಗೇಮ್ ಆಡುವ ಐದು ಆರ್ಕೇಡ್ ಮಷಿನ್‌ಗಳಿವೆ. ಮೂರು ಸರಿಯಾಗಿ ಓಡುತ್ತವೆ. ಒಂದು ಮನಸ್ಸು ಬಂದಾಗ ಓಡುತ್ತದೆ. ಐದನೆಯದು ಸದ್ಯಕ್ಕೆ ಬರೀ ಕಪಾಟು. ಅದರೊಳಗೆ ನಾನು ವೈರ್‌ಗಳನ್ನು ತುಂಬಿಟ್ಟಿದ್ದೇನೆ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇಷ್ಟನ್ನೆಲ್ಲ ಹೇಗೆ ಕೂಡಿಸಿದಿರಿ?" ನಿಜ ಹೇಳಬೇಕೆಂದರೆ ಕೂಡಿಸಬೇಕು ಅಂತ ಹೊರಟವನೇ ಅಲ್ಲ ನಾನು. ನನಗೆ ಬೇಕಿದ್ದದ್ದು ಒಂದು ಗ್ಯಾಲಗ, ಅಷ್ಟೇ.

ಗ್ಯಾಲಗ 1981ರ ಆಟ, ನಾಮ್ಕೊ ಕಂಪನಿಯದು. ಅದರಲ್ಲಿ ಶತ್ರು ನಮ್ಮ ವಿಮಾನವನ್ನು ಬೆಳಕಿನ ಬಲೆ ಬೀಸಿ ಎಳೆದುಕೊಂಡು ಹೋಗುತ್ತದೆ. ಅದನ್ನು ಬಿಡಿಸಿಕೊಂಡರೆ ಎರಡು ವಿಮಾನ ಜೋಡಿಯಾಗಿ ಗುಂಡು ಹಾರಿಸುತ್ತವೆ. ಚಿಕ್ಕವನಿದ್ದಾಗ ನನ್ನ ಜೇಬಿನಲ್ಲಿ ಕಾಸು ಇರುತ್ತಿದ್ದದ್ದು ಕಡಿಮೆ. ಹಾಗಾಗಿ ಈ ಜೋಡಿ ವಿಮಾನವನ್ನು ದೊಡ್ಡ ಹುಡುಗರ ಹೆಗಲ ಸಂದಿಯಿಂದ ನೋಡಿದ್ದೇ ಹೊರತು, ನಾನೇ ಬಿಡಿಸಿಕೊಂಡು ತಂದ ನೆನಪಿಲ್ಲ. ಆ ಬಾಕಿ ತೀರಿಸಬೇಕಿತ್ತು. ಕಂಪ್ಯೂಟರ್‌ನಲ್ಲಿ ಆಡಿ ತೀರಿಸಲು ನೋಡಿದೆ. ಹಳೇ ಆರ್ಕೇಡ್ ಆಟಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುವ ಮೇಮ್ ಎಂಬ ಸಾಫ್ಟ್‌ವೇರ್ 1997ರಿಂದಲೇ ಇದೆ, ಒಳ್ಳೆಯದೂ ಹೌದು. ಆದರೆ ಕುರ್ಚಿಯಲ್ಲಿ ಕೂತು ಕೀಬೋರ್ಡ್ ಒತ್ತಿ ಜೋಡಿ ವಿಮಾನ ಗಳಿಸಿದರೆ ಗಳಿಸಿದ ಹಾಗೆ ಅನ್ನಿಸಲೇ ಇಲ್ಲ. ನಿಂತು ಆಡಬೇಕು, ಮೈಭಾರ ಜಾಯ್‌ಸ್ಟಿಕ್ ಕೋಲಿನ ಮೇಲೆ ಬೀಳಬೇಕು, ಅಲ್ವಾ?

ಗ್ಯಾಲಗ ಸಿಗಲಿಲ್ಲ. ಮುಚ್ಚಿಹೋದ ವಿಡಿಯೊ ಗೇಮ್ ಪಾರ್ಲರ್ ಒಂದರ ಗೋದಾಮಿನಲ್ಲಿ ಕಪ್ಪು ಬಣ್ಣ ಬಳಿದ, ಹೆಸರೇ ಇಲ್ಲದ ಒಂದು ಕ್ಯಾಬಿನೆಟ್ ಸಿಕ್ಕಿತು. ಒಳಗೆ ಯಾವುದೋ ಹೊಡೆದಾಟದ ಆಟದ ಬೋರ್ಡ್, ಅಂದರೆ ಆಟವೇ ಅಡಗಿರುವ ಸರ್ಕ್ಯೂಟ್ ಹಲಗೆ. "ಓಡುತ್ತೆ" ಅಂದರು. ಈ ವ್ಯವಹಾರದಲ್ಲಿ "ಓಡುತ್ತೆ" ಅಂದರೆ "ಒಂದು ಕಾಲದಲ್ಲಿ ಓಡ್ತಿತ್ತು" ಅಂತ ಅರ್ಥ. ಡಬ್ಬ ಇದ್ದರೆ ಸಾಕು, ಗ್ಯಾಲಗ ಬೋರ್ಡ್ ಹಾಕಿಕೊಂಡರಾಯಿತು ಅಂದುಕೊಂಡು ತಂದೆ. ತೂಕ ನೂರು ಕಿಲೋ ಮೇಲೇ ಇದ್ದಿರಬೇಕು. ಬಾಗಿಲಿನ ಅಳತೆ ತೆಗೆದುಕೊಂಡಿರಲಿಲ್ಲ. ಕೊನೆಗೆ ಬಾಗಿಲನ್ನೇ ಕೀಲಿನಿಂದ ಬಿಚ್ಚಿ ಒಳಗೆ ತಂದೆವು. ಹೆಂಡತಿ ಒಂದೇ ಮಾತು ಕೇಳಿದಳು: "ಇದು ವಾಪಸ್ ಹೋಗೋದು ಹೇಗೆ?" ಅದಕ್ಕೆ ಉತ್ತರ ಇವತ್ತಿಗೂ ಇಲ್ಲ.

ಸ್ವಿಚ್ ಹಾಕಿದೆ. ಗುಂಯ್ ಅಂತ ಶಬ್ದ ಬಂತು, ಚಿತ್ರ ಬರಲಿಲ್ಲ. ಆರಿಸಿ, ಪ್ಲಗ್ ತೆಗೆದು, ಟಾರ್ಚ್ ಹಿಡಿದು ಗಾಜನ್ನು ನೋಡಿದೆ. ಆರಿದ ಪರದೆಯ ಮೇಲೆ ತೆಳ್ಳಗೆ ಏನೋ ಗೆರೆಗಳು. ಒರೆಸಿದರೆ ಹೋಗುತ್ತಿಲ್ಲ. ತಲೆ ಓರೆ ಮಾಡಿ ನೋಡಿದಾಗ ಗೊತ್ತಾಯಿತು, ಅದು ಚುಕ್ಕೆ ನುಂಗುತ್ತ ಓಡುವ ಆಟ ಪ್ಯಾಕ್‌ಮ್ಯಾನ್‌ನ ಓಣಿಗಳ ನಕ್ಷೆ! ಪಕ್ಕಕ್ಕೆ ಮಲಗಿದೆ.

ಹಳೇ ಪಿಕ್ಚರ್ ಟ್ಯೂಬಿನಲ್ಲಿ ಒಂದೇ ಚಿತ್ರ ವರ್ಷಗಟ್ಟಲೆ ನಿಂತರೆ ಒಳಗಿನ ಬೆಳಗುವ ಫಾಸ್ಫರ್ ಲೇಪ ಅಲ್ಲಿ ಸವೆದು ಕಲೆ ಉಳಿಯುತ್ತದೆ. ಪ್ಯಾಕ್‌ಮ್ಯಾನ್‌ನಲ್ಲಿ ನಕ್ಷೆ ಬದಲಾಗುವುದೇ ಇಲ್ಲ, ಅದಕ್ಕೇ ಅದರ ಟ್ಯೂಬುಗಳಲ್ಲಿ ಈ ಕಲೆ ಜಾಸ್ತಿ. ಮಲಗಿದ್ದು ಯಾಕೆ ಅಂದರೆ, ಪ್ಯಾಕ್‌ಮ್ಯಾನ್‌ಗೆ ಪರದೆ ಉದ್ದಕ್ಕೆ ನಿಲ್ಲಬೇಕು, ಹೊಡೆದಾಟದ ಆಟಕ್ಕೆ ಅಡ್ಡಕ್ಕೆ. ಯಾರೋ ಮಾನಿಟರ್ ತಿರುಗಿಸಿ ಕೂರಿಸಿದ್ದರು. ಆ ಕಾಲದಲ್ಲಿ ಇದು ಮಾಮೂಲಿ. ಆಟಕ್ಕೆ ಕಾಸು ಬೀಳುವುದು ನಿಂತಿತು ಅಂದರೆ ಮಾಲೀಕರು ಹೊಸ ಮಷಿನ್ ಕೊಳ್ಳುತ್ತಿರಲಿಲ್ಲ. ಹೊಸ ಬೋರ್ಡ್, ಹೊಸ ಹೆಸರುಫಲಕ, ಮೇಲೊಂದು ಕೋಟ್ ಬಣ್ಣ, ಆಯಿತು.

ಮೂಲೆಯಲ್ಲಿ ಕಪ್ಪು ಬಣ್ಣ ಕೆರೆದೆ. ಕೆಳಗೆ ಹಳದಿ. ಪ್ಯಾಕ್‌ಮ್ಯಾನ್ 1980ರಲ್ಲಿ ಬಂದದ್ದು. ಅಮೆರಿಕದಲ್ಲಿ ಅದನ್ನು ತಯಾರಿಸಿದ್ದು ಮಿಡ್‌ವೇ, ಅವರ ಡಬ್ಬದ ಬಣ್ಣ ಈ ಹಳದಿ. ಗ್ಯಾಲಗ ಮಾಡುವ ಯೋಚನೆ ಅಲ್ಲಿಗೆ ಬಿಟ್ಟೆ. ಪ್ಯಾಕ್‌ಮ್ಯಾನ್ ಆಗಿ ಹುಟ್ಟಿದ್ದನ್ನು ಕೊಂದು ಇನ್ನೊಂದು ಮಾಡಲು ಮನಸ್ಸು ಬರಲಿಲ್ಲ. ನಾನು ಕೆಟ್ಟದ್ದು ಆ ಕ್ಷಣದಲ್ಲೇ ಇರಬೇಕು.

ಮೊದಲು ಮಾನಿಟರ್. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಣ್ಣದ ಟ್ಯೂಬಿನಲ್ಲಿ 20,000 ವೋಲ್ಟ್ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಕೂತಿರಬಹುದು. ಅದನ್ನು ಇಳಿಸುವುದನ್ನು ನನಗೆ ಹೇಳಿಕೊಟ್ಟವರು ಒಬ್ಬ ಹಳೇ ಟಿವಿ ಮೆಕ್ಯಾನಿಕ್. ಪಕ್ಕದಲ್ಲಿ ನಿಂತು ಹೇಳಿಕೊಟ್ಟರು, ಓದಿ ಕಲಿತದ್ದಲ್ಲ. ನೀವೂ ಓದಿ ಕಲಿಯಬೇಡಿ. ಮಾನಿಟರ್‌ನ ಕಾಯಿಲೆ ಮಾತ್ರ ಸಾಧಾರಣದ್ದು. ಕೆಪಾಸಿಟರ್‌ಗಳು ವಯಸ್ಸಾಗಿ ಒಣಗಿದ್ದವು. ಎಲ್ಲ ಬದಲಿಸಿದ ಮೇಲೆ ಪರದೆ ಬೆಳಗಿತು.

ಪ್ಯಾಕ್‌ಮ್ಯಾನ್ ಬೋರ್ಡ್ ಹುಡುಕಿ ತಂದೆ. ಅದರದೇ ಒಂದು ಹಳೇ ಚಾಳಿ ಇದೆ. ಬೇರೆ ಬೋರ್ಡ್‌ಗಳಿಗೆ ನೇರವಾಗಿ ಒಂದೇ ದಿಕ್ಕಿಗೆ ಹರಿಯುವ 5 ವೋಲ್ಟ್ ಡಿಸಿ ಕರೆಂಟ್ ಕೊಡುತ್ತೇವೆ. ಇದು ಟ್ರಾನ್ಸ್‌ಫಾರ್ಮರ್‌ನಿಂದ ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟ್ ತೆಗೆದುಕೊಂಡು, ತನ್ನ ಮೇಲೇ ಡಿಸಿ ಮಾಡಿಕೊಳ್ಳುತ್ತದೆ. ಅಷ್ಟೂ ಕರೆಂಟ್ ಅಂಚಿನ ಕನೆಕ್ಟರ್ ಮೂಲಕವೇ ಹೋಗಬೇಕು. ವರ್ಷ ಕಳೆದಂತೆ ಆ ಜಾಗ ಬಿಸಿಯಾಗಿ ಕಪ್ಪಗೆ ಸುಟ್ಟುಹೋಗುತ್ತದೆ. ನನ್ನದೂ ಸುಟ್ಟಿತ್ತು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ತಾನೇ ರೀಸೆಟ್ ಆಗುತ್ತಿತ್ತು. ಮೂರು ವಾರ ಚಿಪ್‌ಗಳನ್ನು ಬೈದೆ. ತಪ್ಪು ಚಿಪ್‌ಗಳದ್ದಲ್ಲ, ವೋಲ್ಟೇಜ್ ಅಳೆಯಬೇಕಾದ ಜಾಗದಲ್ಲಿ ಅಳೆಯದ ನನ್ನದು. ಟ್ರಾನ್ಸ್‌ಫಾರ್ಮರ್ ಹತ್ತಿರ ಎಲ್ಲ ಸರಿ, ಬೋರ್ಡ್ ಹತ್ತಿರ ಬರುವಷ್ಟರಲ್ಲಿ ಸೊರಗಿಹೋಗುತ್ತಿತ್ತು.

ಹೊಸ ಕನೆಕ್ಟರ್ ಹಾಕಬೇಕು, ಆದರೆ ಯಾವುದಕ್ಕೆ? ಮೂಲ ವೈರಿಂಗ್ ಅನ್ನು ಆಗಲೇ ಕತ್ತರಿಸಿ ಎಸೆದಿದ್ದರು. ಹಾಗಾಗಿ ಎರಡನೇ ಮಷಿನ್ ಬಂತು. ಅದು ಸತ್ತ ಪ್ಯಾಕ್‌ಮ್ಯಾನ್. ತಳದ ಹಲಗೆ ನೀರು ಕುಡಿದು ಉಬ್ಬಿತ್ತು, ಇಲಿ ಗೂಡು ಕಟ್ಟಿತ್ತು, ಆದರೆ ವೈರಿಂಗ್ ಪೂರ್ತಿ ಇತ್ತು. ಅದನ್ನು ಮೊದಲನೆಯದಕ್ಕೆ ಹಾಕಿದೆ. ಮೊದಲನೆಯದರಿಂದ ಬಿಚ್ಚಿದ ಹೊಡೆದಾಟದ ವೈರಿಂಗ್ ಸುಮ್ನೆ ಬಿದ್ದಿತ್ತು. ಎಸೆಯುವುದು ಯಾಕೆ ಅಂತ, ತಳಕ್ಕೆ ಹೊಸ ಹಲಗೆ ಹೊಡೆದು, ಅದನ್ನು ಎರಡನೆಯದಕ್ಕೆ ಹಾಕಿದೆ. ಬಿಡಿ ಭಾಗಕ್ಕೆ ಅಂತ ತಂದದ್ದು ಹೀಗೆ ಎರಡನೇ ಮಷಿನ್ ಆಗಿ ಎದ್ದು ನಿಂತಿತು. ನನಗೆ ಗೊತ್ತಿರುವ ಸಂಗ್ರಹಕಾರರಲ್ಲಿ ಅರ್ಧ ಜನ ಇದೇ ದಾರಿಯಲ್ಲಿ ಬಂದವರು.

ಆ ಹೊಡೆದಾಟದ ವೈರಿಂಗ್ ಜಾಮ್ಮಾ ಮಾದರಿಯದು. 1980ರ ದಶಕದ ನಡುವೆ ಜಪಾನಿನ ಆರ್ಕೇಡ್ ತಯಾರಕರ ಸಂಘ ತಂದ ಪದ್ಧತಿ ಅದು. 56 ಪಿನ್‌ನ ಒಂದೇ ಕನೆಕ್ಟರ್, ಒಂದು ಬೋರ್ಡ್ ಕಿತ್ತು ಇನ್ನೊಂದು ಚುಚ್ಚಿದರೆ ಬೇರೆ ಆಟ. 1991ರ ಹೊಡೆದಾಟದ ಆಟ ಸ್ಟ್ರೀಟ್ ಫೈಟರ್ 2ಕ್ಕೆ ಮಾತ್ರ ಒಬ್ಬರಿಗೆ ಆರು ಬಟನ್ ಬೇಕು, ಜಾಮ್ಮಾದಲ್ಲಿ ಮೂರಕ್ಕೇ ಜಾಗ. ಉಳಿದ ಮೂರಕ್ಕೆ ಬೇರೆ ತಂತಿ ಎಳೆಯಬೇಕು. ಒಂದೇ ಡಬ್ಬದಲ್ಲಿ ಎಲ್ಲ ಆಟ, ಇನ್ನು ಮಷಿನ್ ಬೇಡ ಅಂತ ಮನೆಯಲ್ಲಿ ಮಾತು ಕೊಟ್ಟೆ. ಮಾತು ಉಳಿಸಿಕೊಂಡೆ ಕೂಡ, ಎರಡು ವರ್ಷ. ಆದರೆ ಬೋರ್ಡ್‌ಗಳು ಬಂದವು. ಬೋರ್ಡ್ ಮಂಚದ ಕೆಳಗೆ ಹಿಡಿಯುತ್ತದೆ, ಯಾರೂ ಲೆಕ್ಕ ಇಡುವುದಿಲ್ಲ. ಅಲ್ಲೂ ಒಂದು ಪಾಠ ಕಲಿತೆ. ನಿಯೊ ಜಿಯೊ ಎಂಬ ಮಾದರಿಯ ಹಳೇ ಬೋರ್ಡ್ ಒಂದರ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ಈಗ ಬೋರ್ಡ್ ಮನೆಗೆ ಬಂದ ದಿನವೇ ಬ್ಯಾಟರಿ ನೋಡುತ್ತೇನೆ.

ಮೂರನೆಯದು ನಾನು ಕೇಳದೆ ಬಂತು. ಇವನು ಮಷಿನ್ ರಿಪೇರಿ ಮಾಡುತ್ತಾನೆ ಅಂತ ಸುದ್ದಿ ಹರಡಿದರೆ ಸಾಕು, ಜಾಗ ಖಾಲಿ ಮಾಡುವವರು ಫೋನ್ ಮಾಡುತ್ತಾರೆ. ಹಾಗೆ ಬಂದದ್ದು 1979ರ ಆಸ್ಟರಾಯ್ಡ್ಸ್, ತೇಲಿಬರುವ ಬಂಡೆಗಳಿಗೆ ಗುಂಡು ಹೊಡೆಯುವ ಆಟ. ಅದರ ಪರದೆ ಟಿವಿಯ ಹಾಗೆ ಸಾಲು ಸಾಲಾಗಿ ಚಿತ್ರ ಬರೆಯುವುದಿಲ್ಲ. ಎಲೆಕ್ಟ್ರಾನ್ ಕಿರಣವೇ ಪೆನ್ನಿನ ಥರ ಗೆರೆ ಎಳೆಯುತ್ತದೆ. ಗುಂಡು ಅಂದರೆ ಕತ್ತಲಲ್ಲಿ ಚುಚ್ಚಿದ ಹಾಗೆ ಹೊಳೆಯುವ ಒಂದು ಚುಕ್ಕೆ. ಫೋಟೋದಲ್ಲಿ ಅದು ಬರುವುದಿಲ್ಲ, ಕಂಪ್ಯೂಟರ್‌ನಲ್ಲೂ ಬರುವುದಿಲ್ಲ. ಮೇಮ್ ಇರುವಾಗ ಈ ಮರದ ಡಬ್ಬ ಯಾಕೆ ಅಂತ ಕೇಳುವವರನ್ನು ನಾನು ದೀಪ ಆರಿಸಿ ಇದರ ಮುಂದೆ ನಿಲ್ಲಿಸುತ್ತೇನೆ.

ನಾಲ್ಕನೆಯದು, ಐದನೆಯದು ಅದೇ ಫೋನ್ ದಾರಿಯಲ್ಲಿ ಬಂದವು. ಗ್ಯಾಲಗ ಬೋರ್ಡ್ ಕೂಡ ಕೊನೆಗೆ ಸಿಕ್ಕಿತು, ಐದನೆಯದರೊಳಗೆ ಕಾಯುತ್ತಿದೆ.

ಮೊದಲನೆಯದರ ಟ್ಯೂಬನ್ನು ಮಾತ್ರ ಬದಲಿಸಿಲ್ಲ. ಮಾನಿಟರ್ ಅನ್ನು ಮತ್ತೆ ಉದ್ದಕ್ಕೆ ತಿರುಗಿಸಿದ ದಿನ, ಸುಟ್ಟ ನಕ್ಷೆಯ ಮೇಲೆ ಬೆಳಗುವ ನಕ್ಷೆ ಬಂದು ಕೂತಿತು. ಪೂರ್ತಿ ಅಲ್ಲ, ಎರಡು ಮಿಲಿಮೀಟರ್ ಎಡಕ್ಕೆ. ಹಿಂದೆ ಕೈ ಹಾಕಿ ಹೊಂದಿಸುವ ಗುಂಡಿಯನ್ನು ಚೂರು ಚೂರೇ ತಿರುಗಿಸಿದೆ. ಹೆಂಡತಿ ಮುಂದೆ ನಿಂತು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು" ಅಂದಳು. ಕಲೆ ಇಲ್ಲದ ಟ್ಯೂಬ್ ಒಂದು ಅಟ್ಟದ ಮೇಲಿದೆ.