ಒತ್ತಿ ತುಂಬಿದರೆ ಬಾಟಲಿಯೇ ಇಟ್ಟಿಗೆ

ಖಾಲಿ ಪ್ಲಾಸ್ಟಿಕ್ ಬಾಟಲಿಯೊಳಗೆ ಮನೆಯ ಕವರ್, ಪ್ಯಾಕೆಟ್ಟುಗಳ ಪ್ಲಾಸ್ಟಿಕ್ ಕಸವನ್ನು ಒತ್ತಿ ತುಂಬಿ ಇಟ್ಟಿಗೆಯ ಹಾಗೆ ಬಳಸಬಹುದು. ನನ್ನ ಮೊದಲ ಬಾಟಲಿ ಕುತ್ತಿಗೆ ತನಕ ತುಂಬಿತ್ತು. ಖುಷಿಯಿಂದ ತಕ್ಕಡಿಗಿಟ್ಟರೆ ಬರೀ 210 ಗ್ರಾಂ! ಒಂದು ಲೀಟರ್ ಬಾಟಲಿ ಕಡಿಮೆ ಅಂದರೂ 330 ಗ್ರಾಂ ತೂಗಬೇಕು. ಅರ್ಧ ಲೀಟರಿನದಾದರೆ 165. ಹಿಂಡಿದಾಗ ಒಳಗೆ ಹೋಗುವ ಬಾಟಲಿ ಇಟ್ಟಿಗೆ ಅಲ್ಲ, ದಿಂಬು.

ಎರಡನೆಯದರ ತೂಕವೇನೋ ಸರಿಯಾಗಿತ್ತು. ಆದರೆ ತೊಳೆದ ಕವರ್‌ಗಳು ಒಣಗುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಬಾಟಲಿ ಉಬ್ಬಿತು. ಮುಚ್ಚಳ ತಿರುಗಿಸಿದರೆ ಬುಸ್ ಅಂತ ಗಾಳಿ, ಜೊತೆಗೆ ಗಬ್ಬು ನಾತ. ತೇವ, ತಿಂಡಿಯ ಚೂರು ಒಳಗಿದ್ದರೆ ಅದು ಕೊಳೆತು ಗ್ಯಾಸ್ ಆಗುತ್ತೆ. ಹಾಗಾಗಿ ಪ್ಯಾಕೆಟ್ಟುಗಳನ್ನು ಪೂರ್ತಿ ಕತ್ತರಿಸಿ ಬಿಡಿಸಿ, ಜಿಡ್ಡಿದ್ದರೆ ಸೋಪು ಹಾಕಿ ತೊಳೆದು, ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ. ಬಾಟಲಿಯ ಒಳಗೂ ಒಣಗಿರಲಿ. ಕಾಗದ, ಗಾಜು, ತಗಡು ಬೇಡವೇ ಬೇಡ.

ಒತ್ತಲು ಒಂದು ಕೋಲು ಬೇಕು. ಬಾಟಲಿಗಿಂತ ಉದ್ದ, ಹೆಬ್ಬೆರಳಿಗಿಂತ ತೆಳ್ಳಗೆ, ತುದಿ ಮೊಂಡಾಗಿರಲಿ. ಚೂಪಾಗಿದ್ದರೆ ತಳ ತೂತಾಗುತ್ತೆ. ಮೊದಲು ಮೆತ್ತನೆ ಕವರ್ ಹಾಕಿ ತಳದ ಮೂಲೆಗಳನ್ನು ತುಂಬಿ. ಅಲ್ಲೇ ಟೊಳ್ಳು ಉಳಿಯುವುದು ಜಾಸ್ತಿ. ಆಮೇಲೆ ಗಟ್ಟಿ ಪ್ಲಾಸ್ಟಿಕ್ಕನ್ನು ಸಣ್ಣದಾಗಿ ಕತ್ತರಿಸಿ, ಮೆತ್ತನೆಯದರ ಜೊತೆ ಬೆರೆಸಿ ಹಾಕಿ. ಎರಡು ಮೂರು ಹಿಡಿಗೊಮ್ಮೆ ಬಾಟಲಿ ತಿರುಗಿಸುತ್ತಾ ಒತ್ತಿ. ಸುಮ್ನೆ ತುಂಬುತ್ತಾ ಹೋಗಿ ಕೊನೆಗೆ ಒತ್ತಿದರೆ ಕೆಳಗಿನದು ಅಲುಗುವುದೂ ಇಲ್ಲ. ನನಗೆ ಒಂದಕ್ಕೆ ಒಂದು ಸಂಜೆ ಬೇಕು, ರೇಡಿಯೋ ಇದ್ದರೆ ಬೇಸರವಾಗಲ್ಲ. ಮೇಲೆ ಒಂದು ಬೆರಳಷ್ಟು ಜಾಗ ಬಿಟ್ಟು ಮುಚ್ಚಳ ಬಿಗಿ ಮಾಡಿ. ತೂಕ, ತಾರೀಕು ಬಾಟಲಿ ಮೇಲೇ ಬರೆದಿಡಿ.

ಕೂರುವ ಪೀಠಕ್ಕೆ ಒಂದೇ ಬ್ರ್ಯಾಂಡಿನ, ಒಂದು ಲೀಟರಿನ 19 ಬಾಟಲಿ ಸೇರಿಸಿ. ಇಲ್ಲದಿದ್ದರೆ ಎತ್ತರ ಹೊಂದಲ್ಲ. ಮಧ್ಯೆ 1, ಸುತ್ತ 6, ಅದರ ಸುತ್ತ 12. ಜೇನುಗೂಡಿನ ಹಾಗೆ ಅವೇ ಹೊಂದಿಕೊಳ್ಳುತ್ತವೆ. ಹಳೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಮೊದಲು ಒಳಗಿನ 7 ಬಾಟಲಿಗಳನ್ನು ಮೇಲೊಂದು ಕೆಳಗೊಂದು ಸುತ್ತು ಎಳೆದು ಬಿಗಿಯಿರಿ. ಆಮೇಲೆ ಹೊರಗಿನವನ್ನು. ಮೇಲೊಂದು ಹಳೆ ಪ್ಲೈವುಡ್ ತುಂಡು, ಅದರ ಮೇಲೆ ಕುಶನ್. ಆರು ಕೆಜಿಗೂ ಹೆಚ್ಚು ಪ್ಲಾಸ್ಟಿಕ್ ಇದರಲ್ಲೇ ಅಡಗುತ್ತೆ. ನನ್ನ ಪೀಠದ ನಟ್ಟನಡುವೆ ಇರುವುದು ಆ ಮೊದಲ ಬಾಟಲಿಯೇ, ಮತ್ತೆ ತುಂಬಿ 345 ಗ್ರಾಂ ಮಾಡಿದ್ದು.

ಇದನ್ನು ಬಿಸಿಲಲ್ಲಿ ಇಡಬೇಡಿ, ಪ್ಲಾಸ್ಟಿಕ್ ಕ್ರಮೇಣ ಪೆಡಸಾಗಿ ಒಡೆಯುತ್ತೆ. ಒಲೆ, ಬೆಂಕಿಯ ಹತ್ತಿರವಂತೂ ಬೇಡ. ತೋಟದಲ್ಲಿ ಗಿಡ್ಡ ಕಟ್ಟೆ ಕಟ್ಟುವುದಾದರೆ ಬಾಟಲಿ ಮಲಗಿಸಿ, ಹುಲ್ಲು ಕಲಸಿದ ಮಣ್ಣಲ್ಲಿ ಒಂದೂ ಕಾಣದ ಹಾಗೆ ಮುಚ್ಚಿ. ನಾನು ಸಿಮೆಂಟ್ ಹಾಕಲ್ಲ. ಮಣ್ಣಾದರೆ ಕಟ್ಟೆ ಕೆಡವಿದಾಗ ಬಾಟಲಿಗಳು ಇಡಿಯಾಗಿ ವಾಪಸ್ ಸಿಗುತ್ತವೆ. ಛಾವಣಿ ಹೊರುವ ಗೋಡೆಗೆ ಮಾತ್ರ ಇವನ್ನು ನಂಬಬೇಡಿ.