ಮಗ ಅಮೆರಿಕದ ಸೇನೆಗೆ ಸೇರುತ್ತೇನೆ ಎಂದಾಗ

ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಗನೋ ಮಗಳೋ ಊಟದ ನಡುವೆ ‘ನಾನು ಸೇನೆಗೆ ಸೇರುತ್ತೇನೆ’ ಎಂದರೆ ಅನ್ನ ಕಲಸುತ್ತಿದ್ದ ಕೈ ತಟ್ಟೆಯಲ್ಲೇ ನಿಲ್ಲುತ್ತದೆ. ಕೊಡಗಿನ ಮನೆಯಾದರೆ ಬೇರೆ ಮಾತು. ಅವರು ಕಾರ್ಯಪ್ಪ, ತಿಮ್ಮಯ್ಯನವರ ಹೆಸರು ಕೇಳುತ್ತಲೇ ಬೆಳೆದವರು. ಉಳಿದವರ ಬಾಯಿಗೆ ಮೊದಲು ಬರುವುದು ‘ಬೇಡ’. ಅದನ್ನು ನುಂಗಿಕೊಂಡು ‘ಯಾವ ಪಡೆ, ಯಾವ ಕೆಲಸ?’ ಎಂದು ಕೇಳಿ.

ಭೂಸೇನೆ, ನೌಕಾಪಡೆ, ವಾಯುಪಡೆ ಎಂಬ ನಮ್ಮ ಮೂರರ ಲೆಕ್ಕ ಇಲ್ಲಿ ಸಾಲದು. ಕಡಲಿನಿಂದ ದಡಕ್ಕಿಳಿದು ಹೋರಾಡುವ ಮರೀನ್ ಕೋರ್, ಕರಾವಳಿ ಕಾಯುವ ಕೋಸ್ಟ್ ಗಾರ್ಡ್ ಮತ್ತು 2019ರ ಡಿಸೆಂಬರಿನಲ್ಲಿ ಹುಟ್ಟಿದ ಬಾಹ್ಯಾಕಾಶ ಪಡೆ ಸ್ಪೇಸ್ ಫೋರ್ಸ್ ಸೇರಿ ಒಟ್ಟು ಆರು. ಮರೀನ್‌ಗಳ ಆರಂಭಿಕ ತರಬೇತಿಯೇ 13 ವಾರ. ಭೂಸೇನೆಯದು 10, ವಾಯುಪಡೆಯದು ಏಳೂವರೆ. ಆದರೆ ವೈದ್ಯಕೀಯ ಕೆಲಸ ಕಲಿಯುವ ಆಸೆಯಿಂದ ಮರೀನ್ ಸೇರಿದರೆ ನಿರಾಸೆಯೇ ಗತಿ: ಅಲ್ಲಿನ ಗಾಯಾಳುಗಳನ್ನು ನೋಡಿಕೊಳ್ಳುವವರು ನೌಕಾಪಡೆಯವರು. ಕೋಸ್ಟ್ ಗಾರ್ಡ್ ಶಾಂತಿಕಾಲದಲ್ಲಿ ರಕ್ಷಣಾ ಇಲಾಖೆಗಲ್ಲ, ಆಂತರಿಕ ಭದ್ರತಾ ಇಲಾಖೆಗೆ ಸೇರಿದ್ದು. ಮುಳುಗುವವರನ್ನು ಎತ್ತುವುದು, ಕಳ್ಳಸಾಗಣೆ ಹಿಡಿಯುವುದು ಅದರ ಕೆಲಸ. ನಮ್ಮವರು ಅದರತ್ತ ತಿರುಗಿಯೂ ನೋಡದಿರುವುದು ನನಗೆ ಸೋಜಿಗ. ನ್ಯಾಷನಲ್ ಗಾರ್ಡ್ ಏಳನೆಯ ಪಡೆಯಲ್ಲ, ಭೂಸೇನೆ ಮತ್ತು ವಾಯುಪಡೆಗಳ ಅರೆಕಾಲಿಕ ಅಂಗ. ನೆರೆ ಬಂದರೆ ರಾಜ್ಯಪಾಲರು ಕರೆಯುತ್ತಾರೆ; ಯುದ್ಧ ಬಂದರೆ ಅಧ್ಯಕ್ಷರು ಹೊರದೇಶಕ್ಕೂ ಕಳಿಸಬಹುದು.

ಅಂಗಡಿ ಸಾಲಿನಲ್ಲಿ, ಪಿಜ್ಜಾ ಅಂಗಡಿಯ ಮಗ್ಗುಲಲ್ಲೇ, ಈ ಪಡೆಗಳ ನೇಮಕಾತಿ ಕಚೇರಿಗಳು ಒಂದರ ಪಕ್ಕ ಒಂದಿರುತ್ತವೆ. ಪ್ರತಿಯೊಬ್ಬರೂ ತಮ್ಮ ಪಡೆಯನ್ನೇ ಹೊಗಳುತ್ತಾರೆ, ಅದು ಅವರ ಉದ್ಯೋಗ. ಹಾಗಾಗಿ ಒಂದೇ ಬಾಗಿಲು ತಟ್ಟಿ ಮನೆಗೆ ಬರಬೇಡಿ. ಯಾವ ಕೆಲಸ ಸಿಗುತ್ತದೆ ಎಂಬುದು ‘ಆಸ್ವ್ಯಾಬ್’ ಎಂಬ ಸೇನಾ ಸಾಮರ್ಥ್ಯ ಪರೀಕ್ಷೆಯ ಅಂಕಗಳು, ಆರೋಗ್ಯ ತಪಾಸಣೆ ಮತ್ತು ಆ ದಿನ ಖಾಲಿಯಿರುವ ಹುದ್ದೆಗಳ ಮೇಲೆ ನಿಂತಿದೆ. ‘ಸೈಬರ್ ವಿಭಾಗ ಕೊಡಿಸುತ್ತೇವೆ’ ಎಂಬ ಬಾಯಿಮಾತಿಗೆ ಕವಡೆಯ ಬೆಲೆಯೂ ಇಲ್ಲ. ಬರವಣಿಗೆಯಲ್ಲಿ ಇಲ್ಲದ ಭರವಸೆ ಸಲ್ಲುವುದಿಲ್ಲವೆಂದು ಒಪ್ಪಂದದ ಪತ್ರವೇ ಹೇಳುತ್ತದೆ. ಕೆಲಸದ ಹೆಸರು ಅದರ ಅನುಬಂಧದಲ್ಲಿದೆಯೇ ಎಂದು ಬೆರಳಿಟ್ಟು ಓದಿ. ನಾಲ್ಕು ವರ್ಷ ಎಂದು ಸಹಿ ಹಾಕಿದರೂ ಒಟ್ಟು ಬದ್ಧತೆ ಸಾಮಾನ್ಯವಾಗಿ ಎಂಟು ವರ್ಷ. ಉಳಿದ ಕಾಲ ಮೀಸಲು ಪಟ್ಟಿಯಲ್ಲಿ ಹೆಸರಿರುತ್ತದೆ.

ಪದವಿ ಮುಗಿಸಿದ ಮಕ್ಕಳು ಅಲ್ಲೇ ಸಿಪಾಯಿ ಹುದ್ದೆಗೆ ಸಹಿ ಹಾಕಿಬಿಡುವ ಅಪಾಯವೂ ಉಂಟು. ಅಧಿಕಾರಿಗಳ ನೇಮಕಾತಿಯ ದಾರಿ ಬೇರೆ. ಅದನ್ನು ಕೇಳಿಯೇ ಪಡೆಯಬೇಕು. ಅದಕ್ಕೆ ಪೌರತ್ವ ಬೇಕು. ಗ್ರೀನ್ ಕಾರ್ಡ್ ಇದ್ದವರು ಸಿಪಾಯಿಯಾಗಿ ಸೇರಬಹುದು, ಎಚ್-1ಬಿ ವೀಸಾದವರಿಗೆ ಬಾಗಿಲು ಮುಚ್ಚಿದೆ.

ಸಸ್ಯಾಹಾರದ ಚಿಂತೆ ಅಮ್ಮಂದಿರಿಗೆ ಇದ್ದೇ ಇರುತ್ತದೆ. ಯುದ್ಧಭೂಮಿಯ ಪೊಟ್ಟಣದೂಟದ 24 ಬಗೆಗಳಲ್ಲಿ ನಾಲ್ಕು ಸಸ್ಯಾಹಾರಿ. ಸಾರು ಮಾತ್ರ ಕೇಳಬೇಡಿ.

ನಾವು ಮರೆಯುವ ಕಾಗದ ಒಸಿಐ, ಅಂದರೆ ಹೊರದೇಶದ ಪೌರರಾದ ಭಾರತ ಮೂಲದವರು ವೀಸಾ ಇಲ್ಲದೆ ಭಾರತಕ್ಕೆ ಹೋಗಿಬರುವ ಕಾರ್ಡ್. ಹೊರದೇಶದ ಸೇನೆಯಲ್ಲಿ ಇರುವವರಿಗೂ ನಿವೃತ್ತರಾದವರಿಗೂ ಒಸಿಐ ಇಲ್ಲ ಎಂಬುದು ಭಾರತ ಸರ್ಕಾರದ ನಿಯಮ. ಮಗುವಾಗಿದ್ದಾಗಲೇ ಕಾರ್ಡ್ ಮಾಡಿಸಿದ್ದರೆ ಅದರ ಗತಿಯೇನೆಂದು ಸಹಿಗೆ ಮೊದಲೇ ಭಾರತೀಯ ಕಾನ್ಸುಲೇಟಿನಲ್ಲಿ ವಿಚಾರಿಸಿ. ಕಾರ್ಡ್ ಇಲ್ಲವೆಂದರೆ ಶಿವಮೊಗ್ಗದ ಅಜ್ಜಿಯನ್ನು ನೋಡಲು ಮೊಮ್ಮಗ ವೀಸಾ ಪಡೆದೇ ಹೋಗಬೇಕು.